ತೊಂಬತ್ತೊಂದು ಮಂದಿಯಲ್ಲಿ ಸಿಕ್ಕ ಸುಳಿವು

ಅಕ್ಕನಿಗೂ ತಮ್ಮನಿಗೂ ಒಂದೇ ಕಾಯಿಲೆ, ಸಿಸ್ಟಿಕ್ ಫೈಬ್ರೋಸಿಸ್. ಅಪ್ಪನಿಂದ ಬಂದ ಜೀನಿನ ದೋಷವೂ ಅದೇ, ಅಮ್ಮನಿಂದ ಬಂದ ದೋಷವೂ ಅದೇ. ಒಂದೇ ಅಡುಗೆಮನೆ, ಒಂದೇ ಬಚ್ಚಲು, ಒಬ್ಬರೇ ಡಾಕ್ಟರು. ಆದರೂ ತಮ್ಮ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅವನ ಕಫದಲ್ಲಿ ಸೂಡೊಮೊನಾಸ್ ಏರುಗಿನೋಸಾ ಎಂಬ ಬ್ಯಾಕ್ಟೀರಿಯಾ ಬಿಡಾರ ಹೂಡಿರುತ್ತದೆ. ಅಕ್ಕ ಕಾಲೇಜು ಮುಗಿಸಿದರೂ ಅವಳ ಕಲ್ಚರ್ ವರದಿಯಲ್ಲಿ ಅದರ ಹೆಸರು ಕಾಣಿಸುವುದಿಲ್ಲ. ಇಂಥ ಮನೆಗಳನ್ನು ಅಮೆರಿಕ, ಕೆನಡಾ, ಯುರೋಪಿನ ಆಸ್ಪತ್ರೆಗಳು ದಶಕಗಳಿಂದ ನೋಡುತ್ತ ಬಂದಿವೆ. ‘ಯಾಕೆ ಹೀಗೆ?’ ಎಂದು ತಾಯಂದಿರು ಕೇಳುತ್ತಿದ್ದರು. ವೈದ್ಯರ ಬಳಿ ಉತ್ತರವಿರಲಿಲ್ಲ. ಉತ್ತರದ ಒಂದು ತುಣುಕು ಸಿಕ್ಕಿದ್ದು 2012ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಅದೂ ಬರೀ 91 ಮಂದಿಯ ಡಿಎನ್‌ಎ ಓದಿ.

ಕಾಯಿಲೆಯ ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. 1938ರಲ್ಲಿ ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆಯ ರೋಗಶಾಸ್ತ್ರಜ್ಞೆ ಡೊರೊಥಿ ಆಂಡರ್ಸನ್, ಬೇರೇನೋ ಕಾಯಿಲೆಯಿಂದ ಸತ್ತರೆಂದುಕೊಂಡಿದ್ದ ಮಕ್ಕಳ ಮೇದೋಜೀರಕ ಗ್ರಂಥಿಯಲ್ಲಿ ಗಂಟುಗಂಟಾದ ನಾರು ಕಂಡು, ಇದು ಪ್ರತ್ಯೇಕ ಕಾಯಿಲೆ ಎಂದು ವಿವರಿಸಿದರು. ಹತ್ತು ವರ್ಷದ ನಂತರ ಅದೇ ನಗರದಲ್ಲಿ ಸುಡುಬಿಸಿಲಿನ ಅಲೆ ಎದ್ದಾಗ ಬಳಲಿ ಬಿದ್ದು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯವರು ಹೆಚ್ಚಿದ್ದುದನ್ನು ಪಾಲ್ ಡಿ ಸಂತ್‌ಆಗ್ನೀಸ್ ಗಮನಿಸಿದರು. ಆ ಮಕ್ಕಳ ಬೆವರಿನಲ್ಲಿ ಉಪ್ಪು ವಿಪರೀತ ಎಂದು 1953ರಲ್ಲಿ ಪ್ರಕಟಿಸಿದರು. ಇವತ್ತಿಗೂ ರೋಗ ಪತ್ತೆಗೆ ಬೆವರು ಪರೀಕ್ಷೆಯೇ ಆಧಾರ. ಉಪ್ಪು ಯಾಕೆ ಉಳಿಯುತ್ತದೆ ಎಂಬುದನ್ನು 1983ರಲ್ಲಿ ತೋರಿಸಿದವರು ಕ್ಯಾಲಿಫೋರ್ನಿಯಾದ ಪಾಲ್ ಕ್ವಿಂಟನ್. ಬೆವರು ಗ್ರಂಥಿಯ ನಾಳದ ಗೋಡೆ ಕ್ಲೋರೈಡನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದರು ಅವರು. ಕ್ವಿಂಟನ್‌ಗೆ ಸ್ವತಃ ಈ ಕಾಯಿಲೆ ಇತ್ತು. ತಮ್ಮದೇ ಚರ್ಮದ ಗ್ರಂಥಿಗಳನ್ನೂ ಅವರು ಪ್ರಯೋಗಕ್ಕೆ ಬಳಸಿದ್ದರು.

1989ರ ಸೆಪ್ಟೆಂಬರಿನಲ್ಲಿ ಜೀನ್ ಸಿಕ್ಕಿತು. ಟೊರಾಂಟೊದ ಮಕ್ಕಳ ಆಸ್ಪತ್ರೆಯ ಲ್ಯಾಪ್-ಚೀ ತ್ಸುಯಿ ಮತ್ತು ಜಾನ್ ರಿಯೊರ್ಡಾನ್, ಮಿಷಿಗನ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಕಾಲಿನ್ಸ್, ಈ ಮೂವರ ತಂಡಗಳು ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೂರು ಲೇಖನ ಪ್ರಕಟಿಸಿದವು. ಏಳನೇ ಕ್ರೋಮೋಸೋಮಿನಲ್ಲಿ ಸುಮಾರು ಎರಡೂವರೆ ಲಕ್ಷ ಅಕ್ಷರಗಳಷ್ಟು ಉದ್ದದ ಆ ಜೀನಿಗೆ ಸಿಎಫ್‌ಟಿಆರ್ ಎಂದು ಹೆಸರಾಯಿತು. ಅದು ಕಟ್ಟುವ ಪ್ರೋಟೀನು 1,480 ಅಮೈನೋ ಆಮ್ಲಗಳ ಸರ. ಹೆಚ್ಚಿನ ರೋಗಿಗಳಲ್ಲಿ ಜೀನಿನ ಮೂರೇ ಅಕ್ಷರ ಬಿಟ್ಟುಹೋಗಿ 508ನೇ ಸ್ಥಾನದ ಅಮೈನೋ ಆಮ್ಲ ಇಲ್ಲವಾಗಿತ್ತು. ಆ ದೋಷವನ್ನು ಎಫ್508ಡೆಲ್ ಎನ್ನುತ್ತಾರೆ. ಇಷ್ಟು ದೊಡ್ಡ ಕಾಯಿಲೆಗೆ ಇಷ್ಟು ಸಣ್ಣ ಕಾರಣ ಸಿಕ್ಕಾಗ, ಇನ್ನು ಯಾರಿಗೆ ಎಷ್ಟು ತೀವ್ರವಾಗುತ್ತದೆ ಎಂಬುದನ್ನೂ ಜೀನ್ ಓದಿ ಹೇಳಿಬಿಡಬಹುದು ಎಂಬ ಉತ್ಸಾಹ ಹುಟ್ಟಿದ್ದು ಸಹಜ.

ಮೇದೋಜೀರಕದ ಮಟ್ಟಿಗೆ ಆ ಲೆಕ್ಕ ಸರಿಹೋಯಿತು. ದೋಷದ ಬಗೆ ನೋಡಿ ಜೀರ್ಣದ ಕಿಣ್ವ ಹೊರಗಿನಿಂದ ಕೊಡಬೇಕಾದೀತೇ ಎಂದು ಬಹುಮಟ್ಟಿಗೆ ಹೇಳಬಹುದಿತ್ತು. ಶ್ವಾಸಕೋಶ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಎರಡೂ ಪ್ರತಿಗಳಲ್ಲಿ ಎಫ್508ಡೆಲ್ ಇದ್ದವರನ್ನೇ ಸಾಲಾಗಿ ನಿಲ್ಲಿಸಿದರೂ, ಹತ್ತನೇ ವಯಸ್ಸಿಗೇ ಏದುಸಿರು ಬಿಡುವವರೂ ಇದ್ದರು, ನಲವತ್ತರಲ್ಲಿ ಓಟಕ್ಕೆ ಹೋಗುವವರೂ ಇದ್ದರು. ಈ ಕಾಯಿಲೆಯವರಲ್ಲಿ ಹೆಚ್ಚಿನವರ ಜೀವ ತೆಗೆಯುವುದು ಶ್ವಾಸಕೋಶವೇ ಆದ್ದರಿಂದ, ಗೊತ್ತಾಗಬೇಕಾಗಿದ್ದುದೇ ಗೊತ್ತಾಗದೆ ಉಳಿಯಿತು.

ಸೂಡೊಮೊನಾಸ್ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಈ ಬ್ಯಾಕ್ಟೀರಿಯಾ ಎಲ್ಲ ಕಡೆ ಇದೆ. ಒದ್ದೆ ಮಣ್ಣಿನಲ್ಲಿ, ಸಿಂಕಿನ ಪೈಪಿನಲ್ಲಿ, ನಿಂತ ನೀರಿನಲ್ಲಿ. ಆರೋಗ್ಯವಂತರ ಶ್ವಾಸಕೋಶ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲ್ಯಾಬಿನಲ್ಲಿ ಕಫವನ್ನು ಅಗರ್ ತಟ್ಟೆಗೆ ಸವರಿ ಒಂದೆರಡು ದಿನ ಬೆಚ್ಚಗಿಟ್ಟರೆ ತಟ್ಟೆಯ ತುಂಬ ನೀಲಿ-ಹಸಿರು ಬಣ್ಣ ಹರಡುತ್ತದೆ, ಮುಚ್ಚಳ ತೆರೆದರೆ ದ್ರಾಕ್ಷಿಯಂಥ ವಾಸನೆ ಮೂಗಿಗೆ ಬರುತ್ತದೆ. ಅನುಭವಿ ತಂತ್ರಜ್ಞರು ವರದಿ ಬರುವ ಮೊದಲೇ ಮೂಗಿನಿಂದಲೇ ಗುರುತು ಹಿಡಿಯುತ್ತಾರೆ. ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಎದೆಯಲ್ಲಿ ವರ್ಷಗಟ್ಟಲೆ ಉಳಿದ ಮೇಲೆ ಇದು ವೇಷ ಬದಲಿಸುತ್ತದೆ. ಆಲ್ಜಿನೇಟ್ ಎಂಬ ಲೋಳೆಯನ್ನು ಮೈತುಂಬ ಹೊದ್ದುಕೊಳ್ಳುತ್ತದೆ, ತಟ್ಟೆಯ ಮೇಲಿನ ಕಾಲೊನಿಗಳು ಹೊಳೆಯುವ ಅಂಟು ಹನಿಗಳಂತಾಗುತ್ತವೆ. ಈ ‘ಮ್ಯೂಕಾಯ್ಡ್’ ರೂಪಕ್ಕೆ ತಿರುಗಿದ ಮೇಲೆ ಆಂಟಿಬಯಾಟಿಕ್‌ಗಳು ಅದನ್ನು ತಗ್ಗಿಸಬಲ್ಲವು, ಪೂರ್ತಿ ಹೊರಹಾಕುವುದು ಬಲು ಕಷ್ಟ. ಹಾಗಾಗಿ ಮೊದಲ ಬಾರಿ ಯಾವಾಗ ಅಂಟಿತು, ಯಾವಾಗ ಕಾಯಂ ಆಯಿತು, ಯಾವಾಗ ಮ್ಯೂಕಾಯ್ಡ್ ಆಯಿತು, ಈ ಮೂರು ದಿನಾಂಕಗಳ ಮೇಲೆ ರೋಗಿಯ ಮುಂದಿನ ಬದುಕು ನಿಂತಿರುತ್ತದೆ.

ಸೋಂಕು ಹೇಗೆ ಬೇರೂರುತ್ತದೆ ಎಂಬ ಬಗ್ಗೆಯೇ ಬಹಳ ಕಾಲ ಜಗಳವಿತ್ತು. ಇಲಿಗಳಲ್ಲಿ ಸಿಎಫ್‌ಟಿಆರ್ ಕೆಡಿಸಿದರೆ ಅವುಗಳಿಗೆ ಮನುಷ್ಯರಂಥ ಶ್ವಾಸಕೋಶದ ಕಾಯಿಲೆ ಬರುವುದಿಲ್ಲ. ಅದಕ್ಕೇ ಅಯೋವಾ ವಿಶ್ವವಿದ್ಯಾಲಯದ ಮೈಕೆಲ್ ವೆಲ್ಶ್ ಮತ್ತು ಸಂಗಡಿಗರು ಹಂದಿಗಳತ್ತ ತಿರುಗಿದರು. 2008ರಲ್ಲಿ ಸಿಎಫ್‌ಟಿಆರ್ ಇಲ್ಲದ ಹಂದಿಮರಿಗಳು ಹುಟ್ಟಿದವು. ಹುಟ್ಟಿದಾಗ ಅವುಗಳ ಶ್ವಾಸಕೋಶದಲ್ಲಿ ಊತವಿರಲಿಲ್ಲ, ಆದರೆ ಬ್ಯಾಕ್ಟೀರಿಯಾವನ್ನು ಹೊರಹಾಕುವ ಶಕ್ತಿ ಮೊದಲ ಗಂಟೆಗಳಲ್ಲೇ ಕುಂದಿತ್ತು. 2012ರಲ್ಲಿ ಇದೇ ತಂಡ ಒಂದು ಚಂದದ ಪ್ರಯೋಗ ಮಾಡಿತು. ಪುಟ್ಟ ಚಿನ್ನದ ಜಾಲರಿಗೆ ಬ್ಯಾಕ್ಟೀರಿಯಾ ಅಂಟಿಸಿ, ಅದನ್ನು ಹಂದಿಮರಿಯ ಶ್ವಾಸನಾಳದ ಒಳಮೈಗೆ ಸ್ವಲ್ಪ ಹೊತ್ತು ತಾಗಿಸಿ ಹೊರತೆಗೆದು, ಎಷ್ಟು ಸತ್ತಿವೆ ಎಂದು ಎಣಿಸಿದರು. ಸಾಮಾನ್ಯ ಮರಿಗಳಲ್ಲಿ ಹೆಚ್ಚು ಸತ್ತಿದ್ದವು, ರೋಗದ ಮರಿಗಳಲ್ಲಿ ಕಡಿಮೆ. ಸಿಎಫ್‌ಟಿಆರ್ ಕ್ಲೋರೈಡಿನ ಜೊತೆಗೆ ಬೈಕಾರ್ಬೊನೇಟನ್ನೂ ಹೊರಬಿಡುತ್ತದೆ; ಅದು ನಿಂತಾಗ ಶ್ವಾಸನಾಳದ ತೆಳುದ್ರವ ಹುಳಿಯಾಗಿ ಅದರೊಳಗಿನ ಬ್ಯಾಕ್ಟೀರಿಯಾ ಕೊಲ್ಲುವ ಪದಾರ್ಥಗಳು ಮಂಕಾಗಿದ್ದವು. ಹುಳಿ ತಗ್ಗಿಸಿದಾಗ ಕೊಲ್ಲುವ ಶಕ್ತಿ ಮರಳಿತು. ಲೋಳೆ ಗಟ್ಟಿಯಾಗುವುದು, ಅದು ಗುಡಿಸಿಕೊಂಡು ಹೋಗದಿರುವುದು ಇದಕ್ಕೆ ಸೇರಿಕೊಳ್ಳುತ್ತವೆ.

ಇದು ಬಾಗಿಲು ಯಾಕೆ ತೆರೆದಿದೆ ಎಂಬುದಕ್ಕೆ ಉತ್ತರ. ಬಾಗಿಲು ಎಲ್ಲರ ಮನೆಯದೂ ತೆರೆದಿದ್ದರೂ ಕೆಲವರ ಮನೆಗೆ ಮಾತ್ರ ಬೇಗ ಯಾಕೆ ನುಗ್ಗಿತು ಎಂಬುದು ಉಳಿದೇ ಇತ್ತು.

ಅದಕ್ಕೆ ಅವಳಿಗಳನ್ನು ಕೇಳಬೇಕಾಯಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಗ್ಯಾರಿ ಕಟಿಂಗ್ ಮತ್ತು ಜೊತೆಗಾರರು ಈ ಕಾಯಿಲೆಯಿರುವ ಅವಳಿಗಳನ್ನೂ ಒಡಹುಟ್ಟಿದವರನ್ನೂ ದೇಶದುದ್ದಕ್ಕೂ ಹುಡುಕಿ ಕಲೆಹಾಕಿದರು. ತರ್ಕ ಸರಳ: ತದ್ರೂಪಿ ಅವಳಿಗಳ ಎಲ್ಲ ಜೀನುಗಳೂ ಒಂದೇ, ಸಾಮಾನ್ಯ ಅವಳಿಗಳದು ಅರ್ಧದಷ್ಟು ಮಾತ್ರ, ಸಿಎಫ್‌ಟಿಆರ್ ದೋಷ ಇಬ್ಬರಲ್ಲೂ ಒಂದೇ ಇರುವುದರಿಂದ ತದ್ರೂಪಿಗಳು ಸಾಮಾನ್ಯ ಅವಳಿಗಳಿಗಿಂತ ಹೆಚ್ಚು ಹೋಲಿದರೆ ಅದು ಬೇರೆ ಜೀನುಗಳ ಕೆಲಸ. ಶ್ವಾಸಕೋಶದ ಸಾಮರ್ಥ್ಯದಲ್ಲೂ, ಸೂಡೊಮೊನಾಸ್ ಕಾಯಂ ಆಗುವುದರಲ್ಲೂ ತದ್ರೂಪಿಗಳು ಒಬ್ಬರನ್ನೊಬ್ಬರು ಹೆಚ್ಚು ಹೋಲುತ್ತಿದ್ದರು. ಹಾಗಾದರೆ ಸಿಎಫ್‌ಟಿಆರ್ ಪಕ್ಕದಲ್ಲಿ ನಿಂತು ಆಟ ಬದಲಿಸುವ ಬೇರೆ ಜೀನುಗಳಿವೆ. ಯಾವುವು?

ಮೊದಲು ಎಲ್ಲರೂ ಮಾಡಿದ್ದು ಊಹಿಸಿ ಹುಡುಕುವುದನ್ನು. 1999ರಲ್ಲಿ ಕೋಪನ್‌ಹೇಗನ್‌ನ ಪೀಟರ್ ಗ್ಯಾರೆಡ್ ತಂಡ 149 ರೋಗಿಗಳನ್ನು ಪರೀಕ್ಷಿಸಿ, ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆ ಅಂಶಕ್ಕೆ ಅಂಟಿಕೊಂಡು ಅವನ್ನು ಗುರುತಿಸುವ ಒಂದು ಪ್ರೋಟೀನಿನ ಜೀನಿನತ್ತ ಬೆರಳು ತೋರಿಸಿತು. ಎಂಬಿಎಲ್2 ಅದರ ಹೆಸರು. ಅದರಲ್ಲಿ ಕೊರತೆಯ ರೂಪವಿದ್ದವರ ಶ್ವಾಸಕೋಶ, ಅದರಲ್ಲೂ ಸೂಡೊಮೊನಾಸ್ ಕಾಯಂ ಆಗಿದ್ದವರದು, ಬೇಗ ಕುಸಿಯುತ್ತಿತ್ತು. ಅಂದಾಜು ಆಯುಷ್ಯ ಎಂಟು ವರ್ಷ ಕಡಿಮೆ. ಸುದ್ದಿ ಜೋರಾಗಿಯೇ ಹಬ್ಬಿತು. ಆಮೇಲೆ ಬಂದ ಅಧ್ಯಯನಗಳಲ್ಲಿ ಕೆಲವು ಹೌದೆಂದವು, ಕೆಲವು ಇಲ್ಲವೆಂದವು. 2005ರಲ್ಲಿ ಮಿಚೆಲ್ ಡ್ರಮ್, ಮೈಕೆಲ್ ನೋಲ್ಸ್ ಮೊದಲಾದವರು ಎರಡೂ ಪ್ರತಿಗಳಲ್ಲಿ ಎಫ್508ಡೆಲ್ ಇರುವ 808 ಮಂದಿಯನ್ನು ತೆಗೆದುಕೊಂಡು, ಅದುವರೆಗೆ ಹೆಸರು ಕೇಳಿಬಂದಿದ್ದ ಹತ್ತು ಜೀನುಗಳನ್ನು ಒಟ್ಟಿಗೆ ಪರೀಕ್ಷೆಗೆ ಕೂರಿಸಿದರು. ಗಟ್ಟಿಯಾಗಿ ಪಾಸಾದದ್ದು ಒಂದೇ, ಊತ ಮತ್ತು ಗಾಯ ಮಾಯುವಿಕೆಯನ್ನು ನಿಯಂತ್ರಿಸುವ ಟಿಜಿಎಫ್‌ಬಿ1. ಎಂಬಿಎಲ್2 ಮಾತ್ರ ಹಟ ಬಿಡಲಿಲ್ಲ. 2008ರಲ್ಲಿ ಕೆನಡಾದ 1,019 ಮಕ್ಕಳಲ್ಲಿ ನೋಡಿದಾಗ ಅದರ ಕೊರತೆ ಇದ್ದವರಿಗೆ ಸೂಡೊಮೊನಾಸ್ ಬೇಗ ಅಂಟಿತ್ತು, ಟಿಜಿಎಫ್‌ಬಿ1ರ ಒಂದು ರೂಪ ಜೊತೆಗಿದ್ದರೆ ಪರಿಣಾಮ ಇನ್ನೂ ಹೆಚ್ಚು. ಊಹೆಯ ದಾರಿಯ ತೊಂದರೆ ಇದೇ: ನಮಗೆ ಮೊದಲೇ ಅನುಮಾನ ಇದ್ದವರನ್ನಷ್ಟೇ ಠಾಣೆಗೆ ಕರೆಸಬಹುದು. ಯಾರ ತಲೆಗೂ ಹೊಳೆಯದ ಜೀನು ಹೊರಗೆ ಆರಾಮವಾಗಿ ತಿರುಗಾಡಿಕೊಂಡಿರುತ್ತದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಈ ದಾರಿಯನ್ನೇ ಬಿಟ್ಟುಬಿಟ್ಟರು. ಯಾವ ಜೀನನ್ನೂ ಮೊದಲೇ ಅನುಮಾನಿಸದೆ, ಪ್ರೋಟೀನು ಕಟ್ಟುವ ಎಲ್ಲ ಜೀನುಗಳ ಅಕ್ಷರಗಳನ್ನೂ ಓದುವುದು ಎಂದು ತೀರ್ಮಾನಿಸಿದರು. ಎಕ್ಸೋಮ್ ಓದುವುದು ಎಂದರೆ ಅದೇ. ಇಡೀ ಜೀನೋಮಿನಲ್ಲಿ ನೂರಕ್ಕೆ ಒಂದೆರಡು ಭಾಗವಷ್ಟೇ ಅದು, ಆದರೆ ಸುಮಾರು ಇಪ್ಪತ್ತು ಸಾವಿರ ಜೀನುಗಳು ಅದರಲ್ಲಿವೆ. ಅಡಚಣೆ ಎಂದರೆ, ಪ್ರತಿ ಮನುಷ್ಯನ ಎಕ್ಸೋಮಿನಲ್ಲೂ ಸಾವಿರಾರು ವ್ಯತ್ಯಾಸಗಳಿರುತ್ತವೆ. ಅವುಗಳಲ್ಲಿ ಅಪರೂಪದ ಒಂದನ್ನು ರೋಗಕ್ಕೆ ಗಂಟುಹಾಕಬೇಕಾದರೆ ಲೆಕ್ಕಶಾಸ್ತ್ರ ಸಾವಿರಗಟ್ಟಲೆ ರೋಗಿಗಳನ್ನು ಕೇಳುತ್ತದೆ. ಇದು ಅಪರೂಪದ ಕಾಯಿಲೆ, ಆಗ ಓದುವ ಖರ್ಚೂ ದುಬಾರಿ.

ಇಲ್ಲಿ ಕೆಲಸ ಮಾಡಿದ್ದು ಆಯ್ಕೆಯ ಜಾಣತನ. ಈ ಸಂಶೋಧನಾ ಲೇಖನದ ಮೊದಲ ಹೆಸರು ಮೇರಿ ಎಮಂಡ್ ಅವರದು, ಅವರು ಸಂಖ್ಯಾಶಾಸ್ತ್ರಜ್ಞೆ. ಜೊತೆಗೆ ಮಕ್ಕಳ ಶ್ವಾಸಕೋಶ ತಜ್ಞ ರೊನಾಲ್ಡ್ ಗಿಬ್ಸನ್, ತಳಿತಜ್ಞ ಮೈಕೆಲ್ ಬಾಮ್‌ಷಾಡ್ ಮತ್ತು ಇತರರು. ಜೀವಶಾಸ್ತ್ರದ ಪತ್ತೆದಾರಿಯಲ್ಲಿ ಲೆಕ್ಕದವರ ಹೆಸರು ಮೊದಲು ಬರುವುದು ನನಗಂತೂ ಖುಷಿ ಕೊಡುವ ಸಂಗತಿ, ಯಾಕೆಂದರೆ ಈ ಕತೆಯ ಮುಖ್ಯ ತಿರುವು ಮೈಕ್ರೋಸ್ಕೋಪಿನಡಿ ನಡೆದದ್ದಲ್ಲ. ಸಾಲಿನ ನಡುವೆ ನಿಂತ ರೋಗಿಗಳನ್ನು ಅವರು ಕೈಬಿಟ್ಟರು, ಎರಡು ತುದಿಗಳನ್ನು ಮಾತ್ರ ಆರಿಸಿದರು. ಒಂದು ತುದಿಯಲ್ಲಿ ತೀರಾ ಎಳೆಯ ವಯಸ್ಸಿಗೇ ಸೂಡೊಮೊನಾಸ್ ಕಾಯಂ ಆಗಿಹೋದ 43 ಮಕ್ಕಳು. ಇನ್ನೊಂದು ತುದಿಯಲ್ಲಿ, ಎಲ್ಲರಿಗಿಂತ ಹಿರಿಯರಾಗಿದ್ದೂ ಇನ್ನೂ ಅದು ಕಾಯಂ ಆಗದ 48 ಮಂದಿ. ಸೋಂಕನ್ನು ಬೇಗ ಬರಮಾಡುವ ಅಪರೂಪದ ವ್ಯತ್ಯಾಸ ಏನಾದರೂ ಇದ್ದರೆ ಅದು ಮೊದಲ ಗುಂಪಿನಲ್ಲಿ ದಟ್ಟವಾಗಿರಬೇಕು, ಎರಡನೆಯದರಲ್ಲಿ ಇಲ್ಲದಂತಿರಬೇಕು. ರೋಗಿಗಳ ವರ್ಷ ವರ್ಷದ ಕಲ್ಚರ್ ವರದಿಗಳನ್ನು ಕಾಪಾಡಿಕೊಂಡು ಬಂದ ಹಳೆಯ ಅಧ್ಯಯನಗಳು ಇರದಿದ್ದರೆ ಈ ತುದಿಗಳನ್ನು ಗುರುತಿಸಲಾಗುತ್ತಲೇ ಇರಲಿಲ್ಲ. ಫೈಲು ಜೋಡಿಸಿಟ್ಟ ಆಸ್ಪತ್ರೆ ಸಿಬ್ಬಂದಿಗೆ ಈ ಆವಿಷ್ಕಾರದಲ್ಲಿ ದೊಡ್ಡ ಪಾಲಿದೆ.

ಕಂಪ್ಯೂಟರಿನಿಂದ ಹೊರಬಿದ್ದ ಹೆಸರು ಡಿಸಿಟಿಎನ್4. ಸಿಸ್ಟಿಕ್ ಫೈಬ್ರೋಸಿಸ್ ಬಗ್ಗೆ ಬರೆದವರ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ. ಬೇಗ ಸೋಂಕು ತಗುಲಿದ 43 ಮಂದಿಯಲ್ಲಿ 12 ಮಂದಿಗೆ ಈ ಜೀನಿನಲ್ಲಿ ಪ್ರೋಟೀನನ್ನು ಬದಲಿಸುವ ವ್ಯತ್ಯಾಸವಿತ್ತು. ತಡವಾದ 48 ಮಂದಿಯಲ್ಲಿ ಒಬ್ಬರಿಗೂ ಇರಲಿಲ್ಲ.

ಹನ್ನೆರಡು ಮತ್ತು ಸೊನ್ನೆ. ನೋಡುವುದಕ್ಕೆ ಆಕರ್ಷಕ, ಆದರೆ ಇಪ್ಪತ್ತು ಸಾವಿರ ಜೀನುಗಳನ್ನು ಜಾಲಾಡಿದಾಗ ಆಕಸ್ಮಿಕವಾಗಿಯೂ ಇಂಥದ್ದು ಎಲ್ಲೋ ಒಂದು ಕಡೆ ಕಂಡೀತು. ಎಂಬಿಎಲ್2 ವಿಷಯದಲ್ಲಿ ಆದ ಎಳೆದಾಟ ಎಲ್ಲರಿಗೂ ನೆನಪಿತ್ತು. ಹಾಗಾಗಿ ಬೇರೆಯೇ 696 ರೋಗಿಗಳಲ್ಲಿ ಈ ಒಂದು ಜೀನನ್ನು ಮಾತ್ರ ಪರೀಕ್ಷಿಸಿದರು. ಆ ವ್ಯತ್ಯಾಸಗಳು ಇದ್ದವರಿಗೆ ಅಲ್ಲೂ ಮೊದಲ ಸೂಡೊಮೊನಾಸ್ ಬೇಗ ಬಂದಿತ್ತು, ಬೇಗ ಕಾಯಂ ಆಗಿತ್ತು, ಮ್ಯೂಕಾಯ್ಡ್ ರೂಪದೊಂದಿಗೂ ನಂಟು ಕಂಡಿತು. 2012ರ ಜುಲೈಯಲ್ಲಿ ‘ನೇಚರ್ ಜೆನೆಟಿಕ್ಸ್’ನಲ್ಲಿ ಲೇಖನ ಬಂತು. ಒಂದೇ ಜೀನಿನಿಂದ ಬರುವ ಅಪರೂಪದ ಕಾಯಿಲೆಗಳಿಗಷ್ಟೇ ಎಕ್ಸೋಮ್ ಓದುವುದು ಲಾಯಕ್ಕು ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಹಲವು ಕಾರಣಗಳು ಕಲೆತ ಲಕ್ಷಣಕ್ಕೂ ನೂರರೊಳಗಿನ ಮಂದಿ ಸಾಕಾಗಬಹುದು, ಸರಿಯಾದವರನ್ನು ಆರಿಸಿದರೆ, ಎಂದು ಈ ಲೇಖನ ತೋರಿಸಿತು.

ಡಿಸಿಟಿಎನ್4 ಮಾಡುವ ಕೆಲಸವೇನು? ಜೀವಕೋಶದೊಳಗೆ ಸಾಮಾನು ಸಾಗಿಸುವ ಡೈನೀನ್ ಎಂಬ ಮೋಟಾರು ಪ್ರೋಟೀನು ಇದೆ. ಅದಕ್ಕೆ ಸರಕನ್ನು ಕೂಡಿಸುವ ಡೈನಾಕ್ಟಿನ್ ಇದೆ, ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕೊಂಡಿಯ ಹಾಗೆ. ಡಿಸಿಟಿಎನ್4 ಆ ಡೈನಾಕ್ಟಿನ್‌ನ ಒಂದು ಭಾಗವನ್ನು ಕಟ್ಟುತ್ತದೆ. ಜೀವಕೋಶ ತನ್ನೊಳಗಿನ ಕಸವನ್ನೂ ಒಳನುಗ್ಗಿದ ಬ್ಯಾಕ್ಟೀರಿಯಾವನ್ನೂ ಚೀಲದಲ್ಲಿ ಕಟ್ಟಿ ಕರಗಿಸುವ ಜಾಗಕ್ಕೆ ಒಯ್ಯುವುದು ಈ ಸಾಗಣೆಯಿಂದಲೇ. ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಜೀವಕೋಶಗಳಲ್ಲಿ ಈ ಕಸ ವಿಲೇವಾರಿ ಮೊದಲೇ ನಿಧಾನವೆಂದು ಬೇರೆ ಪ್ರಯೋಗಗಳು ತೋರಿಸಿದ್ದವು. ಅದರ ಮೇಲೆ ಕೊಂಡಿಯೂ ಸಡಿಲವಾದರೆ ಬ್ಯಾಕ್ಟೀರಿಯಾಕ್ಕೆ ಅನುಕೂಲ ಎಂಬುದು ತಂಡದ ಊಹೆ. ಅದನ್ನು ಊಹೆ ಎಂದೇ ಓದಿಕೊಳ್ಳಬೇಕು.

ಇದೇ ಹೊತ್ತಿಗೆ ಉತ್ತರ ಅಮೆರಿಕ ಮತ್ತು ಫ್ರಾನ್ಸಿನ ತಂಡಗಳು ಒಗ್ಗೂಡಿ ಇನ್ನೊಂದು ತುದಿಯಿಂದ ಹೊರಟಿದ್ದವು. ಅವರದು ಜನಬಲದ ದಾರಿ. 2015ರಲ್ಲಿ 6,365 ರೋಗಿಗಳ ಜೀನೋಮಿನುದ್ದಕ್ಕೂ ಸಾಮಾನ್ಯ ವ್ಯತ್ಯಾಸಗಳನ್ನು ಹೋಲಿಸಿ, ಶ್ವಾಸಕೋಶದ ಸಾಮರ್ಥ್ಯಕ್ಕೆ ಗಂಟುಬಿದ್ದ ಐದು ತಾಣಗಳನ್ನು ಗುರುತಿಸಿದರು. ಲೋಳೆಯ ಪ್ರೋಟೀನುಗಳ ಜೀನಿನ ಹತ್ತಿರ ಒಂದು, ರೋಗನಿರೋಧಕದ ಎಚ್‌ಎಲ್‌ಎ ಜೀನುಗಳ ಹತ್ತಿರ ಇನ್ನೊಂದು. ಡಿಸಿಟಿಎನ್4 ಆ ಪಟ್ಟಿಯಲ್ಲಿಲ್ಲ. ಅದರಿಂದ ಸಿಯಾಟಲ್ ಶೋಧ ಸುಳ್ಳಾಗುವುದಿಲ್ಲ; ಇವರು ಕೇಳಿದ್ದು ಉಸಿರಿನ ಅಳತೆಯನ್ನು, ಅವರು ಕೇಳಿದ್ದು ಸೋಂಕಿನ ದಿನಾಂಕವನ್ನು. ನನಗೆ ಐದರಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಎಕ್ಸ್ ಕ್ರೋಮೋಸೋಮಿನ ಎಸ್‌ಎಲ್‌ಸಿ6ಎ14. ಶ್ವಾಸನಾಳದ ಜೀವಕೋಶ ತನ್ನ ಮೇಲ್ಮೈ ದ್ರವದಿಂದ ಅರ್ಜಿನೀನ್‌ನಂಥ ಅಮೈನೋ ಆಮ್ಲಗಳನ್ನು ಒಳಗೆಳೆದುಕೊಳ್ಳುವುದು ಇದರ ಮೂಲಕ. 2017ರಲ್ಲಿ ಟೊರಾಂಟೊ ಸಂಶೋಧಕರು ಇದನ್ನು ತಡೆದಾಗ ಹೊರಗೆ ಅರ್ಜಿನೀನ್ ಉಳಿಯಿತು, ಸೂಡೊಮೊನಾಸ್ ಹೆಚ್ಚು ಅಂಟಿತು. ಅಂದರೆ ಕೆಲವರ ಶ್ವಾಸನಾಳ ಬ್ಯಾಕ್ಟೀರಿಯಾದ ಅನ್ನವನ್ನು ತಾನೇ ಉಂಡು ತಟ್ಟೆ ಖಾಲಿ ಮಾಡುತ್ತದೆ, ಕೆಲವರದು ಉಳಿಸುತ್ತದೆ.

ತಳಿ ವ್ಯತ್ಯಾಸ ಎಂದಾಗ ನಾವು ರೋಗಿಯದನ್ನಷ್ಟೇ ಎಣಿಸುತ್ತೇವೆ. ಬ್ಯಾಕ್ಟೀರಿಯಾಕ್ಕೂ ಜೀನುಗಳಿವೆ, ಅವು ಎದೆಯೊಳಗೆ ಕೂತೇ ಬದಲಾಗುತ್ತವೆ. 2006ರಲ್ಲಿ, ಮತ್ತೆ ಸಿಯಾಟಲ್‌ನಿಂದಲೇ, ಒಂದೇ ಮಗುವಿನಿಂದ ಆರನೇ ತಿಂಗಳಲ್ಲಿ ಮತ್ತು ಎಂಟನೇ ವರ್ಷದಲ್ಲಿ ತೆಗೆದಿಟ್ಟಿದ್ದ ಸೂಡೊಮೊನಾಸ್‌ಗಳ ಜೀನೋಮುಗಳನ್ನು ಹೋಲಿಸಿದ ವರದಿ ಬಂತು. ನಡುವೆ 68 ಬದಲಾವಣೆಗಳು. ದಾಳಿಗೆ ಬೇಕಾದ ಆಯುಧಗಳನ್ನು ಬ್ಯಾಕ್ಟೀರಿಯಾ ಒಂದೊಂದಾಗಿ ಕೆಳಗಿಟ್ಟಿತ್ತು. ದೀರ್ಘಕಾಲದ ಬಾಡಿಗೆದಾರನಿಗೆ ಕತ್ತಿ ಬೇಡ. ಸ್ಪೇನಿನ ಸಂಶೋಧಕರು 2000ದಲ್ಲೇ ಇನ್ನೊಂದನ್ನು ಕಂಡಿದ್ದರು: ಮೂರನೇ ಒಂದಕ್ಕೂ ಹೆಚ್ಚು ರೋಗಿಗಳಲ್ಲಿ, ತಪ್ಪು ತಿದ್ದುವ ಶಕ್ತಿ ಕಳೆದುಕೊಂಡು ಅತಿವೇಗವಾಗಿ ಬದಲಾಗುವ ಸೂಡೊಮೊನಾಸ್‌ಗಳಿದ್ದವು. ಇವು ಔಷಧಕ್ಕೆ ಬಗ್ಗದಿರುವುದು ಆಶ್ಚರ್ಯವಲ್ಲ. ಸುತ್ತಲಿನ ಪರಿಸರದ ಪಾಲೂ ಇದೆ: ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಟಿಜಿಎಫ್‌ಬಿ1ರಂಥ ಜೀನುಗಳ ಪರಿಣಾಮ ಇನ್ನಷ್ಟು ಕೆಡುತ್ತದೆ ಎಂದೂ ಹಾಪ್ಕಿನ್ಸ್‌ನವರು 2008ರಲ್ಲಿ ತೋರಿಸಿದರು.

ಇಷ್ಟೆಲ್ಲ ತಿಳಿದ ಮೇಲೆ ಡಾಕ್ಟರ ಮೇಜಿನ ಮೇಲೆ ಏನು ಬದಲಾಗಿದೆ? ನೇರವಾಗಿ ಹೇಳುವುದಾದರೆ, ಡಿಸಿಟಿಎನ್4 ಪರೀಕ್ಷೆ ಮಾಡಿಸಿ ಔಷಧಿ ಬರೆಯುವ ರೂಢಿ ಬಂದಿಲ್ಲ. ಮೂರು ತಿಂಗಳಿಗೊಮ್ಮೆ ಕಫದ ಕಲ್ಚರ್, ಸೂಡೊಮೊನಾಸ್ ಮೊದಲ ಸಲ ಕಂಡ ಕೂಡಲೇ ನೆಬ್ಯುಲೈಸರಿನಲ್ಲಿ ಟೋಬ್ರಮೈಸಿನ್, ಇದೇ ಕ್ರಮ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೈಕಾಫ್ಟಾ ಕೆಟ್ಟ ಸಿಎಫ್‌ಟಿಆರನ್ನೇ ಒಂದಷ್ಟು ರಿಪೇರಿ ಮಾಡುತ್ತದೆ. ಅದನ್ನು ತೆಗೆದುಕೊಂಡವರ ಉಸಿರು ಹಗುರಾಗಿದೆ, ಕಫದಲ್ಲಿ ಸೂಡೊಮೊನಾಸ್ ಪ್ರಮಾಣ ಇಳಿದಿದೆ. ಆದರೂ ಹಳೆಯ ಸೋಂಕು ಅನೇಕರಲ್ಲಿ ಪೂರ್ತಿ ಹೋಗಿಲ್ಲ. ಅಂದರೆ ಮೊದಲ ಸೋಂಕು ಯಾವಾಗ ಅಂಟಿತು ಎಂಬ ಪ್ರಶ್ನೆ ಇನ್ನೂ ಹಳತಾಗಿಲ್ಲ.

ಈ ಎಲ್ಲ ಅಧ್ಯಯನಗಳ ರೋಗಿಗಳು ಬಹುಪಾಲು ಯುರೋಪ್ ಮೂಲದವರು. ನಮ್ಮ ದೇಶದಲ್ಲಿ ಈ ಕಾಯಿಲೆಯೇ ಇಲ್ಲವೆಂದು ಬಹಳ ಕಾಲ ನಂಬಿದ್ದರು. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿಯ ಮಕ್ಕಳ ತಜ್ಞರು ಆ ನಂಬಿಕೆಯನ್ನು ಸುಳ್ಳಾಗಿಸಿದ್ದಾರೆ. ಎಫ್508ಡೆಲ್ ಇಲ್ಲಿ ಯುರೋಪಿನಷ್ಟು ಸಾಮಾನ್ಯವಲ್ಲ, ಬೇರೆ ದೋಷಗಳ ಪಾಲು ದೊಡ್ಡದು. ಪಕ್ಕದ ಜೀನುಗಳ ಆಟವೂ ಬೇರೆ ಇದ್ದೀತು. ಅದನ್ನು ತಿಳಿಯಲು ಮೊದಲು ರೋಗಿಗಳು ಪತ್ತೆಯಾಗಬೇಕು, ಅವರ ಕಲ್ಚರ್ ವರದಿಗಳು ಸಿಯಾಟಲ್‌ನಲ್ಲಿದ್ದಂತೆ ವರ್ಷಗಟ್ಟಲೆ ಜೋಪಾನವಾಗಬೇಕು. ಮಗುವಿಗೆ ಕೆಮ್ಮು, ನ್ಯುಮೋನಿಯಾ ಮತ್ತೆ ಮತ್ತೆ ಬರುತ್ತಿದ್ದರೆ, ತಿಂದದ್ದು ಮೈಗೆ ಹತ್ತದೆ ಜಿಡ್ಡು ಮಲ ಹೋಗುತ್ತಿದ್ದರೆ, ಮುತ್ತಿಟ್ಟಾಗ ಹಣೆ ಉಪ್ಪುಪ್ಪು ಎನಿಸಿದರೆ, ಮಕ್ಕಳ ಡಾಕ್ಟರ ಬಳಿ ಟಿಬಿ, ಅಸ್ತಮಾ ಜೊತೆಗೆ ಬೆವರಿನ ಕ್ಲೋರೈಡ್ ಪರೀಕ್ಷೆಯನ್ನೂ ಕೇಳಿ. ಆ ಪರೀಕ್ಷೆಗೆ ಸೂಜಿ ಚುಚ್ಚಬೇಕಾಗಿಲ್ಲ.